ವಿದ್ಯಾಸಂಸ್ಥೆಗೊಬ್ಬ ತಂತ್ರಜ್ಞರು ಬೇಕಾದಾಗ

ಬೆಳಗಿನ ಏಳು ಗಂಟೆಗೆ ಜಾಲಹಳ್ಳಿಯ ಗಂಗಮ್ಮ ವೃತ್ತದಲ್ಲಿ ನಿಂತು ನೋಡಿದರೆ, ಕೊರಳಲ್ಲಿ ಗುರುತುಪಟ್ಟಿ ಧರಿಸಿ ಕಂಪನಿಯ ವಾಹನಕ್ಕಾಗಿ ಕಾಯುತ್ತಿರುವ ಯುವಕ ಯುವತಿಯರ ಸಾಲು ಕಾಣುತ್ತದೆ. ಒಂದು ತಲೆಮಾರಿನ ಹಿಂದೆ ಇವರ ತಂದೆಯಂದಿರು ಬಿ.ಇ.ಎಲ್., ಎಚ್.ಎಂ.ಟಿ. ಕಾರ್ಖಾನೆಗಳ ಪಾಳಿಗೆ ಇದೇ ಹಾದಿಯಲ್ಲಿ ಹೋಗುತ್ತಿದ್ದರು. ತುಮಕೂರು, ಚಿತ್ರದುರ್ಗ, ದಾವಣಗೆರೆ ಸೀಮೆಗಳಿಂದ ಬಂದು ಇಲ್ಲಿ ನೆಲೆನಿಂತ ನಮ್ಮ ಸಮಾಜದ ಕುಟುಂಬಗಳಲ್ಲಿ ಇಂಜಿನಿಯರ್ ಇಲ್ಲದ ಮನೆಯನ್ನು ಹುಡುಕುವುದೇ ಕಷ್ಟ. ಹೀಗಿದ್ದರೂ, ಈ ವೃತ್ತದಿಂದ ಬಹಳ ದೂರವೇನೂ ಇಲ್ಲದ ಒಂದು ಧರ್ಮಾರ್ಥ ವಿದ್ಯಾಸಂಸ್ಥೆಗೆ ತಂತ್ರಜ್ಞಾನದ ಹೊಣೆ ಹೊರಬಲ್ಲ ಒಬ್ಬರೇ ಒಬ್ಬರು ಹದಿನಾಲ್ಕು ತಿಂಗಳ ಕಾಲ ದೊರೆಯಲಿಲ್ಲವೆಂದರೆ ಓದುಗ ಬಂಧುಗಳು ನಂಬಲಿಕ್ಕಿಲ್ಲ. ಆ ಸಂಸ್ಥೆಯ ಸಲಹಾ ಸಮಿತಿಯಲ್ಲಿ ನಾವೂ ಒಬ್ಬರಾಗಿದ್ದೆವು. ಆದುದರಿಂದ ಈ ಲೇಖನದಲ್ಲಿ ಅನ್ಯರ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚಾಗಿ ಬರುತ್ತದೆ.

ಒಂದು ಪ್ರೌಢಶಾಲೆ, ಒಂದು ಪ್ರಾಥಮಿಕ ಶಾಲೆ, ಊರಿನಿಂದ ಬಂದ ಬಡಮಕ್ಕಳಿಗೆ ಒಂದು ಉಚಿತ ವಿದ್ಯಾರ್ಥಿನಿಲಯ: ಇಷ್ಟೇ ಆ ಸಂಸ್ಥೆಯ ವಿಸ್ತಾರ. ಗಣಕಯಂತ್ರಗಳ ಕೆಲಸವನ್ನು ಸಮಿತಿಯ ಸದಸ್ಯರೊಬ್ಬರ ಸಂಬಂಧಿಕನಾದ ತರುಣನಿಗೆ ಒಪ್ಪಿಸಲಾಗಿತ್ತು. ಆತ ಬುದ್ಧಿವಂತ; ಸೇವಾಭಾವದಿಂದಲೇ ಬಂದವನು. ವಿದ್ಯಾರ್ಥಿಗಳ ಹೆಸರು, ಜನ್ಮದಿನಾಂಕ, ಶುಲ್ಕ, ಅಂಕ ಎಲ್ಲವನ್ನೂ ದಾಖಲಿಸುವ ತಂತ್ರಾಂಶವೊಂದನ್ನು ತಾನೇ ರಚಿಸಿಕೊಟ್ಟ. ಎಲ್ಲರೂ ಹೊಗಳಿದೆವು, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದೆವು. ಎರಡು ವರ್ಷಗಳ ನಂತರ ಆತನಿಗೆ ವಿದೇಶದಲ್ಲಿ ಉದ್ಯೋಗ ದೊರೆಯಿತು. ಹರಸಿ ಕಳುಹಿಸಿದೆವು. ತಂತ್ರಾಂಶದ ಗುಪ್ತಪದವನ್ನಾಗಲಿ, ಅದು ನಡೆಯುವ ಬಗೆಯನ್ನಾಗಲಿ ಬರೆದಿಡಬೇಕೆಂದು ಕೇಳುವ ತಿಳಿವಳಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷಾ ನೋಂದಣಿಯ ದಿನಗಳಲ್ಲಿ ಯಂತ್ರ ಕೈಕೊಟ್ಟಿತು. ಗುಮಾಸ್ತರು ಹಳೆಯ ದಾಖಲಾತಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಮೂರು ರಾತ್ರಿ ಕುಳಿತು ಎಲ್ಲವನ್ನೂ ಮತ್ತೆ ಬರೆದರು. ಆ ಅವಸರದಲ್ಲಿ ಇಬ್ಬರು ಮಕ್ಕಳ ಜನ್ಮದಿನಾಂಕ ತಪ್ಪಾಗಿ ಹೋಯಿತು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜನ್ಮದಿನಾಂಕವೆಂದರೆ ನೌಕರಿಗೂ ನಿವೃತ್ತಿಗೂ ಅದೇ ಆಧಾರವೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಅದನ್ನು ತಿದ್ದಿಸಲು ಕೂಲಿ ಮಾಡುವ ಒಬ್ಬ ತಂದೆ ಎಷ್ಟು ದಿನದ ಕೂಲಿ ಕಳೆದುಕೊಂಡು ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿದರೆಂಬುದು ನಮಗೆ ಗೊತ್ತಿದೆ. ಅವರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಈ ಘಟನೆಯ ನಂತರ ಸಮಿತಿಯು, ಪೂರ್ಣಾವಧಿಯ ತಂತ್ರಜ್ಞಾನ ಮುಖ್ಯಸ್ಥರೊಬ್ಬರನ್ನು ನೇಮಿಸತಕ್ಕದ್ದೆಂದು ತೀರ್ಮಾನಿಸಿತು. ತೀರ್ಮಾನ ಸುಲಭ. ಎಂಥವರು ಬೇಕೆಂಬುದು ಮಾತ್ರ ನಮಗೇ ಸ್ಪಷ್ಟವಿರಲಿಲ್ಲ. ಮೊದಲ ಜಾಹೀರಾತಿನಲ್ಲಿ ಹತ್ತಾರು ಗಣಕಭಾಷೆಗಳ ಹೆಸರನ್ನು ಎಲ್ಲಿಂದಲೋ ನೋಡಿ ಬರೆದು, ಕೊನೆಯಲ್ಲಿ 'ಸೇವಾ ಮನೋಭಾವವುಳ್ಳವರಿಗೆ ಆದ್ಯತೆ' ಎಂದು ಸೇರಿಸಿದ್ದೆವು. ಸೇವಾ ಮನೋಭಾವ ಎಂದರೆ ಕಡಿಮೆ ಸಂಬಳ ಎಂದು ಓದಿಕೊಳ್ಳುವಷ್ಟು ಜಾಣತನ ಇಂದಿನ ಯುವಕರಿಗಿದೆ.

ಇಂತಹ ಹುಡುಕಾಟ ನಮ್ಮೊಬ್ಬರದೇ ಅಲ್ಲ. ಹಿಂದುಳಿದ ಮತ್ತು ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಶಿಕ್ಷಣಕ್ಕಾಗಿ ದುಡಿಯುವ ದೊಡ್ಡ ದೊಡ್ಡ ಸಂಸ್ಥೆಗಳೂ ಇದೇ ಪ್ರಶ್ನೆಯ ಮುಂದೆ ನಿಂತಿವೆ, ಕೆಲವು ಎಡವಿವೆ. ಅವುಗಳ ಚರಿತ್ರೆಯ ಕೆಲವು ಪುಟಗಳು ನಮ್ಮ ಬೆಂಗಳೂರಿನಲ್ಲಿಯೇ, ಅದರಲ್ಲೊಂದು ನಮ್ಮ ಜಾಲಹಳ್ಳಿಯ ನೆರಳಿನಲ್ಲಿಯೇ ಬರೆಯಲ್ಪಟ್ಟಿದೆ.

ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದಾಗ ರೇಡಿಯೋ ವಿದ್ಯೆಯಲ್ಲಿ ನುರಿತವರು ದೇಶದಲ್ಲಿ ಬೆರಳೆಣಿಕೆಯಷ್ಟಿದ್ದರು. ಫ್ರಾನ್ಸಿನ ಸಿ.ಎಸ್.ಎಫ್. ಎಂಬ ಸಂಸ್ಥೆಯ ಸಹಯೋಗದಿಂದ ಕೆಲಸ ಮೊದಲಾಯಿತು. 1956ರಲ್ಲಿ ಕೆಲವು ಸಂಪರ್ಕ ಸಾಧನಗಳು, 1961ರಲ್ಲಿ ರೇಡಿಯೋ ವಾಲ್ವುಗಳು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳು, 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರಸಾರ ಯಂತ್ರಗಳು: ಹೀಗೆ ಒಂದೇ ದಶಕದಲ್ಲಿ ಹೊರಗಿನ ವಿದ್ಯೆ ಒಳಗಿನದಾಯಿತು. ಕಲಿಸುವವರು ಕಲಿಸಿದರು, ಕಲಿಯುವವರು ಬರೆದಿಟ್ಟುಕೊಂಡರು. ಈ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು, ನಮ್ಮ ಶಾಲೆಯ ಗುಪ್ತಪದದ ಕಥೆ ಕೇಳಿ ನಕ್ಕು, "ನಮ್ಮಲ್ಲಿ ಒಂದು ಮೊಳೆ ಬದಲಾಯಿಸಬೇಕಾದರೂ ಕಾಗದದಲ್ಲಿ ಬರೆಯಬೇಕಿತ್ತು ಸ್ವಾಮಿ. ಆಗ ಬೇಸರವಾಗುತ್ತಿತ್ತು. ಈಗ ಅರ್ಥವಾಗುತ್ತದೆ" ಎಂದರು. ಈ ಮಾತನ್ನು ಮುಂದೆ ಸಂದರ್ಶನದಲ್ಲಿ ಬಳಸಿಕೊಂಡೆವು.

ಇದೇ ಬಿ.ಇ.ಎಲ್. ಮತ್ತೊಂದು ಪ್ರಯೋಗದಲ್ಲಿಯೂ ಕೈಜೋಡಿಸಿತ್ತು. ಅದೇ 'ಸಿಂಪ್ಯೂಟರ್'. ಓದು ಬರಹ ಬಾರದ ಗ್ರಾಮಸ್ಥನೂ ಬಳಸಬಲ್ಲ ಅಗ್ಗದ ಕೈಗಣಕವೊಂದನ್ನು ನಿರ್ಮಿಸಬೇಕೆಂಬ ಉದ್ದೇಶದಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಎಂಬ ತಂತ್ರಾಂಶ ಸಂಸ್ಥೆಯ ಇಂಜಿನಿಯರುಗಳೊಡನೆ ಸೇರಿ 1999ರಲ್ಲಿ ಲಾಭರಹಿತ ನ್ಯಾಸವೊಂದನ್ನು ಸ್ಥಾಪಿಸಿದರು. 2001ರಲ್ಲಿ ಮಾದರಿ ಸಿದ್ಧವಾಯಿತು. ಅದರ ಒಂದು ರೂಪವಾದ 'ಅಮಿಡಾ'ವನ್ನು ಬಿ.ಇ.ಎಲ್. ತಯಾರಿಸಿತು, 2004ರ ಏಪ್ರಿಲ್‌ನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ಒಂದು ಸಣ್ಣ ಚೀಟಿಯಂತಹ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದೆಂಬುದೂ, ಯಂತ್ರವು ನಮ್ಮ ಭಾಷೆಗಳಲ್ಲಿಯೇ ಓದಿ ಹೇಳಬಲ್ಲುದೆಂಬುದೂ ಅದರ ಹಿರಿಮೆ. ಪರದೇಶದ ಪತ್ರಿಕೆಗಳೂ ಕೊಂಡಾಡಿದುವು. ಆದರೆ ಹತ್ತಾರು ಸಾವಿರದಷ್ಟು ಮಾರಾಟವನ್ನು ನಿರೀಕ್ಷಿಸಿದ್ದಲ್ಲಿ ಕೆಲವೇ ಸಾವಿರ ಯಂತ್ರಗಳು ಮಾರಾಟವಾದುವು. ಬೆಲೆ ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಿಂದ ಆರಂಭವಾಗುತ್ತಿತ್ತು. ಅಷ್ಟರಲ್ಲಿ ಅಗ್ಗದ ಮೊಬೈಲ್ ದೂರವಾಣಿ ಊರೂರಿಗೆ ನಡೆದುಬಂದಿತ್ತು. ಪಾಂಡಿತ್ಯದಲ್ಲಿ ಕೊರತೆಯಿರಲಿಲ್ಲ, ಉದ್ದೇಶದಲ್ಲಿ ಕಳಂಕವಿರಲಿಲ್ಲ. ಯಂತ್ರ ಸಿದ್ಧವಾದ ಮೇಲೆ ಅದನ್ನು ಶಾಲೆಯಲ್ಲಿ, ಪಂಚಾಯಿತಿಯಲ್ಲಿ ದಿನದಿನವೂ ಯಾರು ನಡೆಸುತ್ತಾರೆ, ಯಾರು ಹಣ ಕೊಡುತ್ತಾರೆ ಎಂಬ ಪ್ರಶ್ನೆಯು ಪ್ರಯೋಗಶಾಲೆಯಲ್ಲಿ ಬಗೆಹರಿಯುವಂಥದಾಗಿರಲಿಲ್ಲವೆಂದು ನಮಗೆ ತೋರುತ್ತದೆ.

ಇದಕ್ಕಿಂತ ದೊಡ್ಡ ಉದಾಹರಣೆ ದಕ್ಷಿಣ ಅಮೆರಿಕದ ಪೆರು ದೇಶದ್ದು. ಪ್ರತಿ ಮಗುವಿಗೂ ಒಂದು ಮಡಿಲ ಗಣಕ ಎಂಬ ಘೋಷಣೆಯೊಡನೆ ಅಮೆರಿಕದ ನಿಕೋಲಸ್ ನೆಗ್ರೊಪಾಂಟೆಯವರು ಆರಂಭಿಸಿದ ಯೋಜನೆಯಲ್ಲಿ ಅಲ್ಲಿನ ಸರ್ಕಾರವು ಲಕ್ಷಾಂತರ ಗಣಕಗಳನ್ನು ಮಕ್ಕಳಿಗೆ ಹಂಚಿತು. 319 ಗ್ರಾಮೀಣ ಶಾಲೆಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಯಾವ ಪ್ರಗತಿಯೂ ಕಂಡುಬರಲಿಲ್ಲ. ಗಣಕ ಕೊಟ್ಟ ಶಾಲೆಗೂ ಕೊಡದ ಶಾಲೆಗೂ ಅಂಕಗಳಲ್ಲಿ ವ್ಯತ್ಯಾಸವಿರಲಿಲ್ಲ. ಉಪಾಧ್ಯಾಯರ ಕೈಗೆ ಯಂತ್ರ ಬಂದಿತ್ತೇ ಹೊರತು ಅದನ್ನು ಪಾಠಕ್ಕೆ ಹೊಂದಿಸುವ ಬಗೆ ಬಂದಿರಲಿಲ್ಲ.

ನಮ್ಮ ನಾಡಿನಲ್ಲಿಯೇ ಈ ಪಾಠವನ್ನು ಕಲಿತು, ಕಲಿತದ್ದನ್ನು ಬಹಿರಂಗವಾಗಿ ಒಪ್ಪಿಕೊಂಡ ಸಂಸ್ಥೆಯೊಂದಿದೆ. ಅದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ. 2000ದ ಆಸುಪಾಸಿನಲ್ಲಿ ಅದು ಆರಂಭವಾದಾಗ ಅದರ ಮುಖ್ಯ ಕಾರ್ಯನಿರ್ವಾಹಕರ ಸ್ಥಾನಕ್ಕೆ ಬಂದವರು ದಿಲೀಪ್ ರಾಂಜೇಕರ್. ವಿಪ್ರೋದಂತಹ ತಂತ್ರಜ್ಞಾನ ಕಂಪನಿಯಿಂದ ಆರಿಸಿದರೂ ಅವರು ಯಂತ್ರಗಳ ತಜ್ಞರಾಗಿರಲಿಲ್ಲ. ಆ ಕಂಪನಿಯಲ್ಲಿ ಮಾನವ ಸಂಪನ್ಮೂಲ ವಿಭಾಗವನ್ನು, ಅಂದರೆ ಜನರನ್ನು ಆರಿಸಿ ಬೆಳೆಸುವ ಕೆಲಸವನ್ನು ನೋಡಿಕೊಂಡವರು. ಮೊದಲ ವರ್ಷಗಳಲ್ಲಿ ಪ್ರತಿಷ್ಠಾನವು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸರ್ಕಾರಿ ಶಾಲೆಗಳಲ್ಲಿ ಗಣಕದ ನೆರವಿನ ಕಲಿಕೆಯನ್ನು ವ್ಯಾಪಕವಾಗಿ ಹರಡಿತು. ಅನೇಕ ಭಾರತೀಯ ಭಾಷೆಗಳಲ್ಲಿ ಪಾಠದ ತಟ್ಟೆಗಳನ್ನು ಸಿದ್ಧಪಡಿಸಿತು. ಕೆಲವು ವರ್ಷಗಳ ಅನುಭವದ ನಂತರ, ಅಂತಹ ಪಾಠಗಳಿಂದ ನಿರೀಕ್ಷಿಸಿದ ಫಲ ದೊರೆಯುತ್ತಿಲ್ಲವೆಂದು ಅದು ಕಂಡುಕೊಂಡಿತು. ಅದರ ನಾಯಕರಲ್ಲೊಬ್ಬರಾದ ಅನುರಾಗ್ ಬೆಹರ್ ಅವರು 2010ರಲ್ಲಿ ಆಂಗ್ಲ ದಿನಪತ್ರಿಕೆಯೊಂದರಲ್ಲಿ ಶಿಕ್ಷಣದಲ್ಲಿ ಗಣಕದ ಮಿತಿಗಳನ್ನು ಕುರಿತು ಮುಚ್ಚುಮರೆಯಿಲ್ಲದೆ ಬರೆದರು. ಪ್ರತಿಷ್ಠಾನದ ಶಕ್ತಿಯೆಲ್ಲ ಉಪಾಧ್ಯಾಯರ ತರಬೇತಿಯ ಕಡೆಗೆ ತಿರುಗಿತು. ಅದೇ 2010ರಲ್ಲಿ ಕರ್ನಾಟಕ ವಿಧಾನಮಂಡಲದ ಕಾಯ್ದೆಯ ಮೂಲಕ ಅದರ ವಿಶ್ವವಿದ್ಯಾಲಯವೂ ಸ್ಥಾಪಿತವಾಯಿತು. ಗಣಕದಿಂದ ಸಂಪಾದಿಸಿದ ಹಣದಿಂದ ನಡೆಯುವ ಸಂಸ್ಥೆಯೇ ಗಣಕ ಸಾಲದು ಎಂದು ಹೇಳಿದ್ದು ಸಾಮಾನ್ಯ ಸಂಗತಿಯಲ್ಲ. ಇಂತಹ ಮಾತನ್ನು ಹೇಳಬಲ್ಲವರನ್ನು ನಮ್ಮ ಜಾಹೀರಾತು ಹುಡುಕುತ್ತಿತ್ತೆ? ಇಲ್ಲ. ಅದು ಯಂತ್ರಗಳನ್ನು ಇನ್ನಷ್ಟು ತರಿಸಬಲ್ಲವರನ್ನು ಹುಡುಕುತ್ತಿತ್ತು.

ಹಾಗೆಂದು ಇಂಜಿನಿಯರೇ ಬೇಡವೆಂದು ತಿಳಿಯಬಾರದು. ನಂದನ್ ನಿಲೇಕಣಿ, ರೋಹಿಣಿ ನಿಲೇಕಣಿ ಮತ್ತು ಶಂಕರ್ ಮರುವಾಡ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಏಕ್‌ಸ್ಟೆಪ್ ಪ್ರತಿಷ್ಠಾನವು ಮಕ್ಕಳ ಅಕ್ಷರ ಮತ್ತು ಅಂಕಗಣಿತ ಕಲಿಕೆಯನ್ನೇ ಗುರಿಯಾಗಿಟ್ಟುಕೊಂಡು ಹೊರಟ ಲಾಭರಹಿತ ಸಂಸ್ಥೆ. ಅದರ ಮುಖ್ಯ ತಂತ್ರಜ್ಞಾನಾಧಿಕಾರಿಯ ಹೊಣೆ ಹೊತ್ತವರು ಆಧಾರ್ ವ್ಯವಸ್ಥೆಯ ಮುಖ್ಯ ವಾಸ್ತುಶಿಲ್ಪಿಯೆಂದು ಹೆಸರಾದ ಪ್ರಮೋದ್ ವರ್ಮಾ. ದೊಡ್ಡ ತಂತ್ರಾಂಶ ಕಂಪನಿಯಲ್ಲಿ ಉನ್ನತ ಸ್ಥಾನದಲ್ಲಿದ್ದು ನಂತರ ಸಾರ್ವಜನಿಕ ಕಾರ್ಯಕ್ಕೆ ಬಂದವರು ಅವರು. ಆ ಸಂಸ್ಥೆಯಲ್ಲಿ ರೂಪುಗೊಂಡ 'ಸನ್‌ಬರ್ಡ್' ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಕೇಂದ್ರ ಸರ್ಕಾರವು 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು ಆರಂಭಿಸಿದ 'ದೀಕ್ಷಾ' ವೇದಿಕೆಗೆ ಅದೇ ತಳಹದಿ. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಪಾಠದ ಪಕ್ಕದಲ್ಲಿ ಮುದ್ರಿತವಾದ ಕಪ್ಪು ಚೌಕುಳಿಯ ಗುರುತನ್ನು ದೂರವಾಣಿಯಿಂದ ನೋಡಿದರೆ ತೆರೆದುಕೊಳ್ಳುವ ಪಾಠಗಳು ಆ ವೇದಿಕೆಯವೇ. 2020ರಲ್ಲಿ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದಾಗ ಅನೇಕ ತಾಯಂದಿರು ಇದನ್ನು ಬಳಸಿದ್ದು ನೆನಪಿರಬಹುದು. ಮನೆಗೊಂದೇ ದೂರವಾಣಿ, ಅದೂ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋದ ಮನೆಗಳಲ್ಲಿ ಅದರಿಂದ ಪ್ರಯೋಜನವಾಗಲಿಲ್ಲವೆಂಬುದೂ ನೆನಪಿರಬೇಕು.

ರಾಂಜೇಕರ್ ಅವರಂತಹವರು ಬೇಕೊ, ವರ್ಮಾ ಅವರಂತಹವರು ಬೇಕೊ? ಇಂತಹ ಪ್ರಶ್ನೆಯನ್ನು ಸಮಿತಿಯಲ್ಲಿ ಒಂದು ಸಂಜೆಯೆಲ್ಲ ಚರ್ಚಿಸಿದೆವು. ನಾನೂರು ಮಕ್ಕಳ ಶಾಲೆಗೆ ಇಬ್ಬರನ್ನೂ ಹೋಲಿಸುವುದು ಹಾಸ್ಯಾಸ್ಪದವೆಂದು ಮುಖ್ಯೋಪಾಧ್ಯಾಯಿನಿಯವರು ಮೆಲ್ಲನೆ ಹೇಳಿದರು. "ನನಗೆ ಬೇಕಾದದ್ದು ಇಷ್ಟೇ. ದಾಖಲೆ ಕಳೆಯಬಾರದು. ನಮ್ಮ ಮೇಷ್ಟ್ರುಗಳಿಗೆ ಯಂತ್ರದ ಭಯ ಹೋಗಬೇಕು. ಯಾರಾದರೂ ಬಂದು ಏನಾದರೂ ಮಾರಲು ನೋಡಿದರೆ ಬೇಡ ಎನ್ನುವ ಧೈರ್ಯ ಇರಬೇಕು." ಹದಿನಾಲ್ಕು ತಿಂಗಳಲ್ಲಿ ನಾವು ಬರೆಯಲಾರದ ಉದ್ಯೋಗ ವಿವರಣೆಯನ್ನು ಆ ತಾಯಿ ನಾಲ್ಕು ವಾಕ್ಯದಲ್ಲಿ ಹೇಳಿಬಿಟ್ಟರು. ಆಕೆಯನ್ನು ಮೊದಲೇ ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ.

ಎರಡನೆಯ ಜಾಹೀರಾತನ್ನು ಕನ್ನಡದಲ್ಲಿ ಬರೆದೆವು. ಗಣಕಭಾಷೆಗಳ ಪಟ್ಟಿಯನ್ನು ತೆಗೆದುಹಾಕಿದೆವು. ಕನ್ನಡದಲ್ಲಿ ಉಪಾಧ್ಯಾಯರೊಡನೆ ಮಾತನಾಡಬಲ್ಲವರಾಗಿರಬೇಕೆಂಬುದನ್ನು ಮೊದಲ ಅರ್ಹತೆಯಾಗಿ ಇಟ್ಟೆವು. ಇದು ಭಾಷಾಭಿಮಾನದ ಮಾತು ಮಾತ್ರವಲ್ಲ. ನಮ್ಮ ಶಾಲೆಯ ಹಳೆಯ ಕಡತಗಳೆಲ್ಲ ಹಿಂದಿನ ನುಡಿ ಮತ್ತು ಬರಹ ಅಕ್ಷರಗಳಲ್ಲಿವೆ. ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಆಂಗ್ಲ ಅಕ್ಷರಗಳ ಗೊಂಚಲು ಕಾಣುತ್ತದೆ. ಅವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಒತ್ತಕ್ಷರ ಸರಿಯಿದೆಯೆ, ಹೆಸರು ಕೆಟ್ಟಿದೆಯೆ ಎಂದು ಕಣ್ಣಿಟ್ಟು ನೋಡಬೇಕು. ಕನ್ನಡ ಬಾರದವರು ಅದನ್ನು ಹೇಗೆ ನೋಡಿಯಾರು?

ಸಂಬಳದ ವಿಷಯದಲ್ಲಿ ಸಮಿತಿಯಲ್ಲಿ ನಿಷ್ಠುರವಾದ ಮಾತುಗಳೇ ನಡೆದುವು. ಧರ್ಮಕಾರ್ಯಕ್ಕೆ ಸಂಬಳವೇಕೆ, ದಾಸೋಹವೆಂದು ಮಾಡಲಿ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದರು. ಕಾಯಕವಿಲ್ಲದೆ ದಾಸೋಹವೆಲ್ಲಿಯದು, ಕಾಯಕಕ್ಕೆ ನ್ಯಾಯವಾದ ಪ್ರತಿಫಲ ಸಲ್ಲಬೇಕೆಂಬುದೂ ಶರಣರ ಮಾರ್ಗವೇ ಎಂದು ನಾವು ವಾದಿಸಿದೆವು. ಅಡುಗೆಮನೆಯ ಭಟ್ಟರಿಗೆ ತಿಂಗಳು ತಿಂಗಳಿಗೆ ಸಂಬಳ ಕೊಡುತ್ತೇವೆ. ದಾಖಲೆ ಕಾಯುವವರಿಗೆ ಮಾತ್ರ ಶಾಲು ಹೊದಿಸಿ ಕಳುಹಿಸುತ್ತೇವೆ. ಹಣ ಬರುವ ದಾರಿಯಲ್ಲಿಯೂ ತೊಡಕಿದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾಗಿ ವೆಚ್ಚ ಮಾಡಬೇಕು. ಶಿಕ್ಷಣವೂ ಅದರಲ್ಲಿ ಸೇರಿದೆ. ಪೀಣ್ಯದ ಸುತ್ತ ಅಂತಹ ದಾನಿಗಳು ಸಿಗುತ್ತಾರೆ. ಆದರೆ ನಮ್ಮ ಅನುಭವದಲ್ಲಿ, ಫಲಕ ಹಾಕಬಹುದಾದ ಗಣಕಕೋಣೆಗೆ ಹಣ ಬರುವಷ್ಟು ಸುಲಭವಾಗಿ ಅದನ್ನು ನಡೆಸುವವರ ಸಂಬಳಕ್ಕೆ ಬರುವುದಿಲ್ಲ. ಸಂಬಳದ ಮೇಲೆ ಫಲಕ ಹೊಡೆಯಲಾಗುವುದಿಲ್ಲವಲ್ಲ! ಕೊನೆಗೆ ಒಂದು ವರ್ಷ ಹೊಸ ಯಂತ್ರಗಳನ್ನು ಕೊಳ್ಳುವುದಿಲ್ಲವೆಂದು ನಿಶ್ಚಯಿಸಿ, ಆ ಹಣವನ್ನು ಸೇರಿಸಿ ತಿಂಗಳಿಗೆ 60,000 ರೂಪಾಯಿ ಸಂಬಳವೆಂದು ಜಾಹೀರಾತಿನಲ್ಲಿಯೇ ಮುದ್ರಿಸಿದೆವು. ಮೊದಲು ನಮ್ಮ ಮನಸ್ಸಿನಲ್ಲಿದ್ದುದು 25,000 ಎಂದು ಈಗ ಹೇಳಲು ನಾಚಿಕೆಯಾಗುತ್ತದೆ.

ಇಲ್ಲಿ ನಮ್ಮ ಸಮಾಜದ ಒಂದು ವಿಪರ್ಯಾಸವನ್ನು ಹೇಳದೆ ಮುಂದುವರಿಯಲಾಗದು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದರು. 1947ರಲ್ಲಿ ಆ ಸಂಸ್ಥೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. 1958ರಲ್ಲಿ ಕಲಬುರಗಿ, 1963ರಲ್ಲಿ ತುಮಕೂರಿನ ಸಿದ್ಧಗಂಗೆ, ಮೈಸೂರು, ಬಾಗಲಕೋಟೆಗಳಲ್ಲಿ ಅಂತಹುದೇ ಕಾಲೇಜುಗಳು ನಮ್ಮ ಮಠಮಾನ್ಯಗಳ ಮತ್ತು ಸಮಾಜದ ಹಿರಿಯರ ಪರಿಶ್ರಮದಿಂದ ಎದ್ದುವು. ಅಲ್ಲಿ ಓದಿದವರು ಜಗತ್ತಿನಾದ್ಯಂತ ದೊಡ್ಡ ದೊಡ್ಡ ವ್ಯವಸ್ಥೆಗಳನ್ನು ನಡೆಸುತ್ತಿದ್ದಾರೆ. ಅದೇ ಸಮಾಜದ ಸಣ್ಣ ಶಾಲೆಗಳ, ಪ್ರಸಾದನಿಲಯಗಳ ದಾಖಲೆಗಳು ಮಾತ್ರ ಯಾರೋ ಒಬ್ಬರ ಸೊಂಟದ ಕೀಲಿಕೈಯಂತೆ ಯಾರೋ ಒಬ್ಬರ ನೆನಪಿನಲ್ಲಿರುತ್ತವೆ.

ಎರಡನೆಯ ಜಾಹೀರಾತಿಗೆ ಹನ್ನೊಂದು ಅರ್ಜಿಗಳು ಬಂದುವು. ಸಂದರ್ಶನಕ್ಕೆ ಮೊದಲು ಪ್ರತಿಯೊಬ್ಬರೂ ಎರಡು ದಿನ ಶಾಲೆಯಲ್ಲಿ ಸುಮ್ಮನೆ ಕುಳಿತು ನೋಡಬೇಕೆಂದು ಕೇಳಿಕೊಂಡೆವು. ಬಸ್ಸಿನ ಖರ್ಚು, ಊಟ ನಮ್ಮದು. ನಾಲ್ವರು ಅಲ್ಲಿಗೇ ಬಿಟ್ಟರು. ಉಳಿದವರನ್ನು ಕೇಳಿದ ಪ್ರಶ್ನೆಗಳು ಹೆಚ್ಚೇನಿಲ್ಲ. ನೀವು ಯಾವುದಾದರೂ ಕೆಲಸವನ್ನು ಬೇಡವೆಂದು ನಿಲ್ಲಿಸಿದ್ದುಂಟೆ? ನೀವು ನಾಳೆ ಬಿಟ್ಟುಹೋದರೆ ನಿಮ್ಮ ಕೆಲಸ ಮುಂದುವರಿಯಲು ಏನನ್ನು ಬರೆದಿಟ್ಟಿರುತ್ತೀರಿ? ಎರಡು ದಿನದಲ್ಲಿ ಇಲ್ಲಿ ಕಂಡ, ಗಣಕದಿಂದ ಪರಿಹಾರವಾಗದ ಒಂದು ತೊಂದರೆ ಯಾವುದು? ಮೂರನೆಯ ಪ್ರಶ್ನೆಗೆ ಬಹಳ ಜನ ತಡವರಿಸಿದರು. ಒಬ್ಬ ಅಭ್ಯರ್ಥಿ ಮಾತ್ರ, ಮಕ್ಕಳು ಮಧ್ಯಾಹ್ನದ ಊಟಕ್ಕೆ ಸಾಲು ನಿಲ್ಲುವಲ್ಲಿ ಅರ್ಧ ಗಂಟೆ ಕಳೆಯುತ್ತದೆ, ಆಮೇಲಿನ ಪಾಠ ಮೊಟಕಾಗುತ್ತದೆ, ಇನ್ನೊಂದು ಬಾಗಿಲು ತೆರೆದರೆ ಸಾಕು ಎಂದರು. ಆ ಬಾಗಿಲಿಗೆ ಆರು ವರ್ಷದಿಂದ ಬೀಗ ಬಿದ್ದಿತ್ತು. ಏಕೆ ಬಿದ್ದಿತ್ತೆಂದು ಯಾರಿಗೂ ಗೊತ್ತಿರಲಿಲ್ಲ.

ಈಕೆ ಒಂಬತ್ತು ವರ್ಷ ತಂತ್ರಾಂಶ ಕಂಪನಿಯಲ್ಲಿ ದುಡಿದವರು. ಮದುವೆಯಾಗಿಲ್ಲ. ನಾವು ಆಯ್ಕೆಯನ್ನು ತಿಳಿಸಿದ ಮರುದಿನವೇ ಅವರ ತಂದೆ ನಮ್ಮ ಮನೆಗೆ ಬಂದರು. ಪೀಣ್ಯದ ಸಣ್ಣ ಕೈಗಾರಿಕೆಯೊಂದರಲ್ಲಿ ಮೂವತ್ತು ವರ್ಷ ಲೇತ್ ನಡೆಸಿ ನಿವೃತ್ತರಾದವರು.

"ಶರಣು ಯಜಮಾನ್ರೆ. ನೀವು ದೊಡ್ಡೋರು, ನಿಮ್ಮ ಮಾತು ಕೇಳ್ತಾಳೆ. ಬೇಡಾಂತ ಒಂದು ಮಾತು ಹೇಳಿ."

"ಕೂತ್ಕೊಳ್ಳಿ. ಯಾಕೆ, ಏನಾಯ್ತು?"

"ಈಗ ಬರೋದರಲ್ಲಿ ಮೂರನೇ ಒಂದು ಭಾಗಕ್ಕೆ ಬರ್ತಾಳಂತೆ. ಅದೂ ಹೋಗ್ಲಿ, ನನಗೇನು ಅವಳ ದುಡ್ಡು ಬೇಕಾಗಿಲ್ಲ. ಗಂಡಿನ ಕಡೆಯೋರು ಕೇಳಿದ್ರೆ ಯಾವ ಕಂಪನಿ ಅಂತ ಹೇಳ್ಲಿ? ಶಾಲೇಲಿ ಕಂಪ್ಯೂಟರ್ ನೋಡ್ಕೋತಾಳೆ ಅಂದ್ರೆ ಏನಂದ್ಕೋತಾರೆ?"

ನಮ್ಮ ಬಳಿ ಸಿದ್ಧ ಉತ್ತರವಿರಲಿಲ್ಲ. ಕಂಪನಿಯ ಹೆಸರನ್ನು ಕೇಳಿ ಮೂಗು ಅರಳಿಸುವವರಲ್ಲಿ ನಾವೂ ಇದ್ದೇವಲ್ಲ. ನಮ್ಮ ಸೊಸೆಯನ್ನು ಆರಿಸುವಾಗ ನಾವು ಕೇಳಿದ ಎರಡನೆಯ ಪ್ರಶ್ನೆ ಅದೇ ಆಗಿತ್ತು. ಆ ಜನ್ಮದಿನಾಂಕದ ಕಥೆಯನ್ನು ಅವರಿಗೆ ಪೂರ್ತಿಯಾಗಿ ಹೇಳಿದೆವು. ಕೂಲಿಯ ತಂದೆಯ ವಿಷಯ ಬಂದಾಗ ಅವರು ತಲೆ ತಗ್ಗಿಸಿ ಕೇಳಿದರು. ತಮ್ಮ ಅಂಕಪಟ್ಟಿಯಲ್ಲಿ ಮೇಷ್ಟ್ರು ಅಂದಾಜಿನಿಂದ ಬರೆಸಿದ ದಿನಾಂಕವಿದ್ದುದರಿಂದ ತಾವು ಎರಡು ವರ್ಷ ಮೊದಲೇ ನಿವೃತ್ತರಾಗಬೇಕಾಯಿತೆಂದರು. ಕಾಫಿ ಮುಗಿಸಿ ಎದ್ದು ಹೋದರು. ಒಪ್ಪಿದರೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮಗಳು ಜೂನ್ ಒಂದರಂದು ಕೆಲಸಕ್ಕೆ ಬಂದರು. ಸ್ಕೂಟರಿನಲ್ಲಿ ತಂದು ಬಿಟ್ಟವರು ಆ ತಂದೆಯೇ.

ಮೊದಲ ತಿಂಗಳು ಈ ಹೊಸ ಮುಖ್ಯಸ್ಥರು ಗಣಕಕೋಣೆಯ ಬಾಗಿಲನ್ನೇ ತೆರೆಯಲಿಲ್ಲವೆಂದು ಕೆಲವು ಸದಸ್ಯರಿಗೆ ಅಸಮಾಧಾನ. ಅವರು ಗುಮಾಸ್ತರ ಪಕ್ಕದಲ್ಲಿ ಕುಳಿತು ದಾಖಲಾತಿ ಪುಸ್ತಕಗಳನ್ನು ಓದುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಆ ಮೇಜಿನಲ್ಲಿರುವ ಗುಮಾಸ್ತರು, ಯಾರು ಎಲ್ಲಿಂದ ಬಂದ ಮಗು, ಯಾರ ಹೆಸರು ಎಲ್ಲಿ ತಪ್ಪಿದೆ ಎಂಬುದನ್ನು ಬಾಯಲ್ಲೇ ಹೇಳಬಲ್ಲವರು. ಅವರು ಹೇಳುತ್ತ ಹೋದಂತೆ ಈಕೆ ಬರೆದುಕೊಂಡರು. ಎರಡನೆಯ ತಿಂಗಳಲ್ಲಿ ದಾಖಲೆಗಳ ಎರಡು ಪ್ರತಿಗಳು, ಒಂದು ಶಾಲೆಯಲ್ಲಿ, ಇನ್ನೊಂದು ಬೇರೆ ಕಡೆ ಸುರಕ್ಷಿತವಾಗಿ ಇಡುವ ಏರ್ಪಾಡಾಯಿತು. ಗುಪ್ತಪದಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯಿನಿಯವರ ಬೀರುವಿನಲ್ಲಿ ಇರಿಸಲಾಯಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ವರ್ಷದೊಳಗಿನವರ ಮಾಹಿತಿಗೆ ಪೋಷಕರ ಸಮ್ಮತಿಯನ್ನು ಕೇಳುತ್ತದೆಂದು ಹೇಳಿ, ಕನ್ನಡದಲ್ಲಿ ಒಂದು ಪುಟದ ಸಮ್ಮತಿ ಪತ್ರವನ್ನು ಅವರೇ ಬರೆದರು. ಓದು ಬಾರದ ತಾಯಂದಿರಿಗೆ ಅದನ್ನು ಓದಿ ಹೇಳಿ ಸಹಿ ಪಡೆಯುವ ಕೆಲಸ ವರ್ಗಶಿಕ್ಷಕರದು. ಬಿ.ಇ.ಎಲ್.ನ ನಿವೃತ್ತ ಹಿರಿಯರು ಶನಿವಾರಗಳಂದು ಬಂದು, ಬರೆದಿಟ್ಟದ್ದನ್ನು ಓದಿ, ಅರ್ಥವಾಗದ ಕಡೆ ಕೆಂಪು ಶಾಯಿಯಿಂದ ಗುರುತು ಹಾಕುತ್ತಾರೆ. ತಮಗೆ ಅರ್ಥವಾಗದಿದ್ದರೆ ಮುಂದೆ ಬರುವವರಿಗೂ ಅರ್ಥವಾಗದೆಂಬುದು ಅವರ ವಾದ. ಈ ಕೆಲಸಕ್ಕೆ ಅವರು ಒಂದು ಪೈಸೆಯನ್ನೂ ಮುಟ್ಟುವುದಿಲ್ಲ.

ಎಲ್ಲವೂ ಸರಿಯಾಗಿದೆಯೆಂದು ಹೇಳಲಾರೆವು. ಇಬ್ಬರು ಉಪಾಧ್ಯಾಯರು ಇನ್ನೂ ಯಂತ್ರವನ್ನು ಮುಟ್ಟುವುದಿಲ್ಲ. ಮುಂದಿನ ವರ್ಷದ ಸಂಬಳಕ್ಕೆ ಹಣ ಎಲ್ಲಿಂದ ಬರುತ್ತದೆಂಬುದು ಇತ್ಯರ್ಥವಾಗಿಲ್ಲ. ಕಳೆದ ತಿಂಗಳು ಪೀಣ್ಯದ ಉದ್ಯಮಿ ಭಕ್ತರೊಬ್ಬರು ನಲವತ್ತು ಟ್ಯಾಬ್ಲೆಟ್ ಗಣಕಗಳನ್ನು ದಾನ ಮಾಡಲು ಮುಂದೆ ಬಂದರು. ಸಮಿತಿಯವರೆಲ್ಲ ಹಿಗ್ಗಿದೆವು. ಈಕೆ ಅವರನ್ನು ಶಾಲೆಗೆ ಕರೆಸಿ, ಐದನೆಯ ತರಗತಿಯಲ್ಲಿ ಅರ್ಧ ದಿನ ಕೂರಿಸಿದರು. ಹನ್ನೆರಡು ಮಕ್ಕಳಿಗೆ ಇನ್ನೂ ಕನ್ನಡ ಓದಲು ಬಾರದೆಂಬುದನ್ನು ತೋರಿಸಿ, ಹತ್ತು ಟ್ಯಾಬ್ಲೆಟ್ ಸಾಕು, ಉಳಿದ ಹಣದಲ್ಲಿ ಆ ಮಕ್ಕಳಿಗಾಗಿ ಸಂಜೆಯ ಶಿಕ್ಷಕರೊಬ್ಬರನ್ನು ಎರಡು ವರ್ಷಕ್ಕೆ ನೇಮಿಸಬಹುದೆ ಎಂದು ಕೇಳಿದರು. ಭಕ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫಲಕ ಎಲ್ಲಿ ಹಾಕ್ತೀರಿ ತಾಯಿ?" ಎಂದರು. ಆಮೇಲೆ ತಾವೇ ನಕ್ಕು, ಹತ್ತು ಟ್ಯಾಬ್ಲೆಟ್‌ಗಳಿಗೂ ಒಂದು ವರ್ಷದ ಶಿಕ್ಷಕರ ಸಂಬಳಕ್ಕೂ ಒಪ್ಪಿದರು. ಎರಡನೆಯ ವರ್ಷದ ವಿಷಯವನ್ನು ದೀಪಾವಳಿಯ ನಂತರ ಮಾತನಾಡೋಣ ಎಂದಿದ್ದಾರೆ.